ಮೈದಾನದಿಂದ ಹೊತ್ತು ತಂದ ಫರಸಿ

ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ಶಹಾಬಾದಿನಲ್ಲಿ ಕೂತು ಕಲ್ಲಿನ ಕಥೆ ಹೇಳುವವನನ್ನು ನೀವು ಮರುಳನೆಂದರೂ ತಪ್ಪಿಲ್ಲ. ನಮ್ಮಲ್ಲಿ ನೆಲ ಕಲ್ಲು, ಗೋಡೆ ಕಲ್ಲು, ಮಾಳಿಗೆಗೆ ಹಾಸಿದ್ದೂ ಕಲ್ಲು. ಆದರೆ ಇದು ಒಗೆಯಲೆಂದು ತಂದ ಕಲ್ಲಲ್ಲ. ಎರಡು ಮೊಳ ಉದ್ದದ, ಮಳೆಮೋಡದ ಬಣ್ಣದ ಈ ಫರಸಿಯ, ಅಂದರೆ ಹಾಸುಗಲ್ಲಿನ, ಮೇಲೆ ಕೂತು ನಾನು ಎಷ್ಟೋ ವರ್ಷ ಫುಟ್‌ಬಾಲ್ ನೋಡಿದ್ದೇನೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಸ್ಟೇಷನ್ನಿನಾಚೆಯ ಬಯಲಿನಲ್ಲಿ ನಮ್ಮೂರ ಕ್ಲಬ್ಬಿನ ಆಟ ನಡೆಯುತ್ತಿತ್ತು. ಕುರ್ಚಿಗಳ ಮಾತೇ ಇರಲಿಲ್ಲ. ಆಟದ ಹುಚ್ಚಿದ್ದವನು ತನ್ನ ಫರಸಿಯನ್ನು ತಾನೇ ಹೊತ್ತು ತಂದು ಗೆರೆಯ ಅಂಚಿಗೆ ಹಾಕಿಕೊಳ್ಳಬೇಕು; ಹಾಕಿದ ಮೇಲೆ ಆ ಜಾಗ ಅವನದು, ಅವನು ಬಾರದ ದಿನವೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಕ್ಲಬ್ಬಿನ ಸೆಕ್ರೆಟರಿ ಖಾಸಿಂ ಸಾಬರು ಕಲ್ಲುಗಣಿಯಲ್ಲಿ ಮೇಸ್ತ್ರಿಯಾಗಿದ್ದವರು. ಹೊಸದಾಗಿ ಫರಸಿ ತಂದವನ ಹೆಸರನ್ನು ಅವರೇ ಉಳಿ ಹಿಡಿದು ಅದರ ಮೂಲೆಯಲ್ಲಿ ಕೊರೆದು ಕೊಡುತ್ತಿದ್ದರು. ನನ್ನದನ್ನು ಕನ್ನಡದಲ್ಲಿ ಕೊರೆಯಬೇಕೆಂದು ನಾನು ಹಟ ಹಿಡಿದೆ. ಕನ್ನಡ ಓದಲು ಬಾರದ ಆ ಮನುಷ್ಯ, ನಾನು ಮಣ್ಣಿನಲ್ಲಿ ಬೆರಳಿನಿಂದ ಬರೆದ ಅಕ್ಷರಗಳನ್ನು ನೋಡಿ ನೋಡಿ, ಒಂದು ಇಡೀ ಮಧ್ಯಾಹ್ನ ಕೂತು 'ಸಿದ್ರಾಮಪ್ಪ' ಎಂದು ಕೊರೆದರು. ಆಗ ಮದ್ರಸೆಯೆಂದೇ ಕರೆಯುತ್ತಿದ್ದ ಸರಕಾರಿ ಶಾಲೆಯಲ್ಲಿ ಮಾಸ್ತರನಾಗಿದ್ದ ನನ್ನ ಅಕ್ಷರಕ್ಕಿಂತ ಅದೇ ದುಂಡಗಿತ್ತು.

ನಮ್ಮ ಕ್ಲಬ್ಬಿಗೆ ಒಂದೇ ಕೊರತೆ. ಚಿತ್ತಾಪುರದವರೆದುರು ಅದು ಗೆಲ್ಲುತ್ತಿರಲಿಲ್ಲ. ಸೋತು ಸೋತು ನಮಗೆ ಸಂತೆಗೆ ಹೋಗಲೂ ನಾಚಿಕೆಯಾಗುತ್ತಿತ್ತು. ಕುಸುಬಿ ಮಾರಲು ಬಂದ ಆ ಊರ ಮುದುಕಿಯರೂ ಗೋಲುಗಳ ಲೆಕ್ಕ ಕೇಳುವವರೇ. ಆ ವರ್ಷ ಕಪ್ ಪಂದ್ಯಾವಳಿಯ ಕೊನೆಯ ಪಂದ್ಯ ಅವರೊಡನೆಯೇ ಬಿತ್ತು, ಬಿದ್ದ ವಾರವೇ ನಮ್ಮ ಮುಂದಾಳು ಆಟಗಾರ, ಚಿತ್ತಾಪುರದವರು ಇನ್ನೂ ಮುಖ ಕಾಣದಿದ್ದ ಹೊಸ ಹುಡುಗ ಹುಸೇನಿಯ ಕಾಲು ಮುರಿಯಿತು. ಊರವರೆಲ್ಲ ಖಾಸಿಂ ಸಾಬರ ಮನೆಗೆ ಹೋದೆವು. ಮಾತನಾಡಿದವನು ನಾನೇ.

"ಏನರೆ ಮಾಡ್ರಿ ಸಾಬರ, ಈ ಸಲ ಮಾತ್ರ ಊರ ಮಾನ ಉಳಸ್ರಿ" ಎಂದೆ.

ಅವರು ಏನರೆ ಮಾಡಿದರು. ಊರಿನವರಲ್ಲದೆ ಹೊರಗಿನವರು ಆಡಕೂಡದೆಂಬ ಕಟ್ಟಳೆಯಿದ್ದರೂ, ವಾಡಿಯ ಎಂಜಿನ್ ಶೆಡ್ಡಿನಲ್ಲಿ ಕಲ್ಲಿದ್ದಲು ಹಾಕುತ್ತಿದ್ದ ಶಾಂತಪ್ಪನೆಂಬ ಮಿಂಚಿನಂಥ ಆಟಗಾರನನ್ನು ಕರೆತಂದು, ಹುಸೇನಿಯ ಹೆಸರಿನಲ್ಲಿ ಇಳಿಸಿದರು. ನಮಗಾರಿಗೆ ತಿಳಿದಿರಲಿಲ್ಲ ಹೇಳಿ! ನಿಜವಾದ ಹುಸೇನಿ ಕಾಲಿಗೆ ಬಿದಿರುಪಟ್ಟಿ ಕಟ್ಟಿಕೊಂಡು ನನ್ನ ಪಕ್ಕದ ಫರಸಿಯ ಮೇಲೆಯೇ ಕೂತಿದ್ದ. ನಾವೆಲ್ಲ "ಹುಸೇನಿ, ಹುಸೇನಿ" ಎಂದು ಕೂಗುತ್ತಿದ್ದರೆ, ತನ್ನ ಹೆಸರನ್ನು ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಕೂಗಿದವನು ಅವನೇ. ಆಟ ಮುಗಿಯುವ ಹೊತ್ತಿಗೆ ಶಾಂತಪ್ಪ ನಡುಗೆರೆಯಿಂದ ಒಬ್ಬನೇ ಚೆಂಡು ಹೊರಳಿಸಿಕೊಂಡು ಬಂದು, ಮೂವರನ್ನು ದಾಟಿ ಹೊಡೆದ ಗೋಲು ಇಂದಿಗೂ ನನ್ನ ಕಣ್ಣಲ್ಲಿದೆ. ಗೆದ್ದೆವು. ನಾನು ಅತ್ತುಬಿಟ್ಟೆ, ಮಾಸ್ತರನೆಂಬುದನ್ನೂ ಮರೆತು.

ಎಂಟು ದಿನಗಳಲ್ಲಿ ಗುಟ್ಟು ರಟ್ಟಾಯಿತು. ವಾಡಿಯಲ್ಲಿ ಗಾಡಿ ಬದಲಿಸಲು ಇಳಿದ ಚಿತ್ತಾಪುರದವನೊಬ್ಬನಿಗೆ ನಮ್ಮ 'ಹುಸೇನಿ' ಎಂಜಿನ್ನಿನ ಮೇಲೆ ಕಂಡನಂತೆ. ಗೆದ್ದ ಕಪ್ ಕೈಬಿಟ್ಟು ಹೋಯಿತು, ಅದರ ಹಿಂದೆ ಪಂದ್ಯ ನಡೆಸಿದವರಿಂದ ಒಂದು ಪ್ರಶ್ನೆ ಬಂತು. ಇದು ಸೆಕ್ರೆಟರಿಯೊಬ್ಬರದೇ ಕರಾಮತ್ತೋ, ಊರಿಗೆಲ್ಲ ತಿಳಿದಿತ್ತೋ? ತಿಳಿದಿದ್ದರೆ ಕ್ಲಬ್ಬೇ ಬಂದ್. ತಿಳಿದಿರದಿದ್ದರೆ ಸೆಕ್ರೆಟರಿಯನ್ನು ತೆಗೆದು ಹೊಸ ಕಮಿಟಿ ಮಾಡಿಕೊಂಡರೆ ಸಾಕು.

ಊರಿನ ಪರವಾಗಿ ಅರ್ಜಿ ಬರೆದವನು ನಾನು, ನನ್ನ ಉರ್ದು ಚೆನ್ನಾಗಿತ್ತಲ್ಲ. ನಮಗೆ ಏನೇನೂ ತಿಳಿಯದೆಂಬುದಕ್ಕೆ 'ಬೇಖಬರ್' ಎಂಬ ಪದ ಹಾಕಿದೆ. ಬರೆದ ಮೇಲೆ, ಹೇಳಲು ಹೇಸಿಗೆಯಾಗುತ್ತದೆ, ಆ ಪದ ಎಷ್ಟು ಸೊಗಸಾಗಿ ಕೂತಿತೆಂದು ಎರಡು ಸಲ ಓದಿಕೊಂಡೆ. ಮೊದಲ ಸಹಿ ನನ್ನದು. ಎರಡನೆಯದು ಹುಸೇನಿಯದು! ಖಾಸಿಂ ಸಾಬರು ವಿಚಾರಣೆಯಲ್ಲಿ ನಮ್ಮತ್ತ ಒಮ್ಮೆ ನೋಡಿ, ಎಲ್ಲವೂ ತಾನೊಬ್ಬನೇ ಮಾಡಿದ್ದೆಂದು ಒಪ್ಪಿಕೊಂಡರು.

ಹೊಸ ಕಮಿಟಿಗೆ ವಕೀಲರೊಬ್ಬರು ಅಧ್ಯಕ್ಷರಾದರು. ನಾವು ಹಾರ ಹಾಕಿ, ಇನ್ನು ಕ್ಲಬ್ಬಿಗೆ ಒಳ್ಳೆಯ ಕಾಲ ಬಂತೆಂದು ಹೋಟೆಲಿನಲ್ಲಿ ಚಹಾ ಕುಡಿದೆವು. ಆ ವಕೀಲರು ಕೆಟ್ಟವರಲ್ಲ. ಆಟದ ಹೊತ್ತಿನಲ್ಲಿ ಗಡಿಯಾರ ನೋಡಿಕೊಳ್ಳುವ ಚಾಳಿಯೊಂದನ್ನು ಬಿಟ್ಟರೆ ಅವರಲ್ಲಿ ದೋಷವಿರಲಿಲ್ಲ. ನಿಯಮದ ಪುಸ್ತಕ ಬಂತು, ಹಗ್ಗ ಬಂತು, ದೊಡ್ಡವರಿಗೆ ಕುರ್ಚಿಗಳು ಬಂದವು. ಆಮೇಲೆ ಒಂದು ದಿನ, ಸುತ್ತ ಬಿದ್ದ ಫರಸಿಗಳು ಅಂದಗೆಡಿಸುತ್ತವೆ, ಅವರವರದನ್ನು ಅವರವರು ಒಯ್ಯಬೇಕೆಂದು ಅಪ್ಪಣೆಯಾಯಿತು. ಬೈದುಕೊಳ್ಳುತ್ತ ಒಯ್ದೆವು. ಹಗ್ಗದ ಹಿಂದೆ ನಿಂತು ನೋಡುವ ಆಟ ಯಾರಿಗೂ ರುಚಿಸಲಿಲ್ಲ. ಒಬ್ಬೊಬ್ಬರೇ ಹೋಗುವುದನ್ನು ಬಿಟ್ಟೆವು. ಯಾವ ಕ್ಲಬ್ಬನ್ನು ಉಳಿಸಲು ಸುಳ್ಳು ಬರೆದೆನೋ ಅದು ಎರಡು ಮಳೆಗಾಲ ಬಾಳಲಿಲ್ಲ. ಮುಂದೆ ನಿಜಾಮರ ಸಂಸ್ಥಾನವೇ ಕೈ ಬದಲಾದಾಗ, ನಿನ್ನೆಯವರೆಗೆ ಸಲಾಮು ಹೊಡೆದವರು ಬೆಳಗಾಗುವುದರೊಳಗೆ ನಮಗೇನೂ ಗೊತ್ತಿರಲಿಲ್ಲ ಎಂದದ್ದನ್ನು ಕೇಳಿ ಅನೇಕರು ಬೆರಗಾದರು. ನನಗೆ ಆಶ್ಚರ್ಯವಾಗಲಿಲ್ಲ. ಆ ಮಾತಿನ ಉರ್ದು ನನಗೆ ಬಾಯಿಪಾಠವಾಗಿತ್ತು.

ಖಾಸಿಂ ಸಾಬರು ಊರು ಬಿಟ್ಟು ರಾವೂರಿನ ಗಣಿಗೆ ಸೇರಿದ್ದರು. ಒಂದು ಭಾನುವಾರ ಕ್ಷಮೆ ಕೇಳಲೆಂದೇ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಕಂಡವರೇ ನಕ್ಕು, "ಬರ್ರಿ ಮಾಸ್ತರ, ಕುಂದ್ರಿ" ಎಂದು ತಾವು ಕೂತ ಕಲ್ಲಿನಲ್ಲೇ ಸರಿದು ಜಾಗ ಮಾಡಿದರು. ಚಹಾ ಕೊಟ್ಟರು. ನಾನು ಮಳೆಯ ಮಾತು, ಗಣಿಯ ಮಾತು ಆಡಿದೆ. ಕೊನೆಗೆ ಅವರೇ ಮೆಲ್ಲಗೆ ಅಂದರು:

"ಸೆಕ್ರೆಟರಿಕಿ ಹೋಯ್ತು, ಹೋಗ್ಲಿ. ತಪ್ಪು ನಾ ಮಾಡೀನಿ. ಖರೆ, ಅಂಥಾ ಗೋಲು ಹೊಡದಾಂವ ಯಾರಂತ ನಮಗ ಗೊತ್ತೇ ಇಲ್ಲ ಅಂತ ಬರದ್ರಲ್ಲ ಮಾಸ್ತರ, ಅದು ಭಾಳ ಬ್ಯಾಸರಾಯ್ತು. ನೀವು ನೋಡ್ಲಿ ಅಂತೇ ಅವನ್ನ ಕರಕೊಂಡು ಬಂದಿದ್ದೆ."

ನಾನು ಲೋಟ ಕೆಳಗಿಟ್ಟು, ಗಾಡಿಯ ಹೊತ್ತಾಯಿತೆಂದು ಎದ್ದುಬಂದೆ. ಗಾಡಿಗೆ ಇನ್ನೂ ಬಹಳ ಹೊತ್ತಿತ್ತು. ಇನ್ನೊಮ್ಮೆ ಹೋಗಿ ಹೇಳಿದರಾಯಿತೆಂದುಕೊಂಡೆ. ಹಾಗೆ ಅಂದುಕೊಳ್ಳುತ್ತ ದಿನ ತಳ್ಳುತ್ತಿರುವಾಗಲೇ ಅವರು ತೀರಿಕೊಂಡ ಸುದ್ದಿ ಬಂತು.

ಹಿತ್ತಲಿಗೆ ತಂದ ಫರಸಿಯನ್ನು ನಾನು ಹೆಸರು ಕೆಳಗಾಗುವಂತೆ ಹಾಕಿಸಿದ್ದೆ. ಬಟ್ಟೆ ಒಗೆದು ಒಗೆದು ಅದರ ಮೈ ನುಣುಪಾಗಿತ್ತು. ಮೊನ್ನೆ ಮೋರಿ ಸರಿಪಡಿಸಲು ಬಂದವರು ಕಲ್ಲನ್ನು ಎಬ್ಬಿಸಿ ಮಗುಚಿದರು. ಮಣ್ಣು ತೊಳೆದು ನೋಡಿದರೆ, ಇಷ್ಟು ವರ್ಷ ನೆಲಕ್ಕೆ ಮುಖ ಮಾಡಿ ಮಲಗಿದ್ದ ಹೆಸರು ಒಂದಿಷ್ಟೂ ಸವೆದಿಲ್ಲ, ನಿನ್ನೆ ಕೊರೆದ ಹಾಗಿದೆ. ಇಷ್ಟು ಚೆಂದ ಬರೆದವರು ಯಾರೆಂದು ಸೊಸೆ ಕೇಳಿದಳು. ಕನ್ನಡ ಬಾರದವರೊಬ್ಬರು ಎಂದು ಶುರುಮಾಡಿ, ನಿಮಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದೆ, ಅರ್ಜಿಯ ಮಾತನ್ನೂ ಬಿಡದೆ. ಅವಳು ಕಲ್ಲನ್ನು ಯಾವ ಮಗ್ಗುಲಿಗೆ ಹಾಕಬೇಕೆಂದಷ್ಟೇ ಕೇಳಿದಳು.

ಹೆಸರು ಮೇಲಾಗಿ ಹಾಕಿಸಿದ್ದೇನೆ. ದಿನಾ ಬೆಳಿಗ್ಗೆ ಅವಳು ಒಗೆಯುವಾಗ ಒದ್ದೆ ಬಟ್ಟೆಯ ಏಟು ನೇರ ನನ್ನ ಹೆಸರಿನ ಮೇಲೆಯೇ ಬೀಳುತ್ತದೆ. ಒಳಗೆ ಕೂತು ಕೇಳುತ್ತೇನೆ. ಬೀಳಲಿ.