ಹಲ್ಲು ಕಡಿಯುವ ಮಾಷ್ಟ್ರು

ಮನುಷ್ಯನ ನಿಜಸ್ವರೂಪ ನಿದ್ದೆಯಲ್ಲಿ ಪ್ರಕಟವಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಮಾಷ್ಟ್ರದ್ದು ಗೋಡೆ ದಾಟಿ ನನ್ನ ಮಂಚದವರೆಗೂ ಬರುತ್ತಿತ್ತು: ಸಿಮೆಂಟಿನ ನೆಲದಲ್ಲಿ ಕಬ್ಬಿಣದ ಕಪಾಟು ಎಳೆದ ಹಾಗೆ ಕರಕರ, ನಡುನಡುವೆ ಜೊಲ್ಲು ನುಂಗುವ ಸದ್ದು. ಪುತ್ತೂರಿನಲ್ಲಿ ಅವರ ಮನೆಯ ಅರ್ಧಕ್ಕೆ ನಾನು ಬಾಡಿಗೆದಾರ, ಸದ್ದು ಪುಕ್ಕಟೆ.

ಹಗಲಿನಲ್ಲಿ ಆ ನಿವೃತ್ತ ಹೆಡ್ಮಾಷ್ಟ್ರಷ್ಟು ಸಾಧು ಇನ್ನೊಬ್ಬರಿಲ್ಲ. ಬೀದಿಯ ಚರಂಡಿ ಜಗಳ, ಗಡಿಕಲ್ಲಿನ ಜಗಳ ಎಲ್ಲ ಅವರ ಜಗಲಿಗೇ ಬರುತ್ತಿದ್ದವು. ಬೈಗುಳ ತಿಂದರೂ "ಆಯಿತು ಮಾರಾಯ್ರೆ, ನೋಡುವ" ಎನ್ನುವರು. ಬೈದವರನ್ನೆಲ್ಲ ರಾತ್ರಿ ಒಬ್ಬೊಬ್ಬರಾಗಿ ಅರೆಯುತ್ತಿದ್ದರೆಂದು ನನ್ನ ಊಹೆ. ದವಡೆಹಲ್ಲು ಸವೆದು ಚಪ್ಪಟೆ. ಕೇಳದಿದ್ದರೂ ಬಾಯಿ ತೆರೆದು ತೋರಿಸುತ್ತಿದ್ದರು, ಎಲೆಯಡಿಕೆಯ ರಸದ ಸಮೇತ.

ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ನಿದ್ದೆಗೆಟ್ಟು ಆಲಂಕಾರಿನ ತಂಗಿಯ ಮನೆಗೆ ಹೋದರು. ಸದ್ದು ನಿಂತರೆ ಬರುತ್ತಾರಂತೆ.

ಮಾಷ್ಟ್ರು ಕಂಗಾಲಾದರು. ಶಾಲೆಯ ಮಕ್ಕಳಿಗೆ ಹುಳದ ಮಾತ್ರೆ ಹಂಚಿದ ಅನುಭವದಿಂದ ಇದು ಹೊಟ್ಟೆಹುಳದ ಕೆಲಸವೆಂದು ತೀರ್ಮಾನಿಸಿ ತಾವೂ ನುಂಗಿದರು. ಮರುದಿನ ಅದರ ಫಲಿತಾಂಶವನ್ನು ನನ್ನ ತಿಂಡಿಯ ಹೊತ್ತಿಗೆ ಬಂದು ಸವಿಸ್ತಾರವಾಗಿ ವರದಿ ಮಾಡಿದರು. ತಟ್ಟೆಯಲ್ಲಿದ್ದದ್ದು ಶ್ಯಾವಿಗೆ.

ಹಲ್ಲಿನ ಡಾಕ್ಟರು ಹುಳವನ್ನು ನಿರಪರಾಧಿ ಎಂದರು. ಮನಸ್ಸಿನ ಒತ್ತಡ ಇರಬಹುದು, ಸಂಜೆಯ ಕಡುಕಾಫಿ ಬಿಡಿ, ಹೊಗೆಸೊಪ್ಪು ಬಿಡಿ ಎಂದು ಹೇಳಿ, ರಾತ್ರಿ ಹಾಕಿಕೊಳ್ಳಲು ಹಲ್ಲಿನ ಅಚ್ಚು ತೆಗೆದು ಪ್ಲಾಸ್ಟಿಕ್ಕಿನ ಕವಚ ಮಾಡಿಕೊಟ್ಟರು. ಕಡಿಯುವುದು ಪೂರ್ತಿ ನಿಲ್ಲದಿದ್ದರೂ ಹಲ್ಲು ಉಳಿಯುತ್ತದೆ, ಸದ್ದೂ ಕಮ್ಮಿಯಾದೀತು. ಮಾಷ್ಟ್ರು ಜಗಲಿಯ ಪಂಚಾಯಿತಿಯನ್ನೂ ಬಂದ್ ಮಾಡಿದರು. ಗೋಡೆ ಶಾಂತವಾಯಿತು. ಆಲಂಕಾರಿಗೆ ಫೋನ್ ಹೋಯಿತು.

ಎಂಜಲಿನ ವಿಷಯದಲ್ಲಿ ಅಕ್ಕ ಬಹಳ ಕಟ್ಟುನಿಟ್ಟು. ಆ ಮನೆಯಲ್ಲಿ ಲೋಟಕ್ಕೆ ತುಟಿ ತಾಗಿಸುವಂತಿಲ್ಲ. ಬಸ್ಸಿಳಿದು ಬಂದ ಅಕ್ಕ, ಚೀಲವನ್ನು ಬಾಗಿಲಲ್ಲಿಟ್ಟು, ಮೇಜಿನ ಮೇಲಿದ್ದ ಲೋಟವನ್ನು ಎತ್ತರಕ್ಕೆ ಹಿಡಿದು ಬಾಯಿಗೆ ನೀರು ಹೊಯ್ದುಕೊಂಡರು. ನೀರಿನ ಹಿಂದೆಯೇ ಕವಚವೂ ಬಿತ್ತು.

ಅಂಗೈಗೆ ಉಗುಳಿ ನೋಡಿದರು. ಅದರ ಮೇಲೆ ಮಾಷ್ಟ್ರ ರಾತ್ರಿಯ ಹಳದಿ ಲೋಳೆ. ಪಕ್ಕದಲ್ಲಿ ನಿಂತ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಇದು ಎಂತದು?"

"ಅದೇ. ನೀನು ಬರ್ಲಿ ಅಂತ ಮಾಡ್ಸಿದ್ದು."

"ಲೋಟದಲ್ಲಿಯಾ ಇಡುದು?"

"ಡಾಕ್ಟ್ರು ಡಬ್ಬಿ ಕೊಟ್ಟಿದ್ದಾರೆ," ಎಂದರು ಮಾಷ್ಟ್ರು ಮೆಲ್ಲಗೆ. "ಅದ್ರಲ್ಲಿ ಸುಣ್ಣ ಉಂಟು."

ಅಕ್ಕ ಬಾವಿಕಟ್ಟೆಗೆ ಹೋಗಿ ಬಹಳ ಹೊತ್ತು ಬಾಯಿ ಮುಕ್ಕಳಿಸಿದರು. ಮಾಷ್ಟ್ರು ಬಾಗಿಲಲ್ಲಿದ್ದ ಚೀಲವನ್ನೇ ನೋಡುತ್ತ ನಿಂತರು. ಅಕ್ಕ ಮರಳಿ ಬಂದು, "ಸುಣ್ಣ ಚೆಲ್ಲಿ ಆ ಡಬ್ಬಿ ತೊಳೀರಿ" ಎಂದು ಹೇಳಿ ಚೀಲವನ್ನು ಒಳಗೆ ಕೊಂಡುಹೋದರು.

ಲೋಟ ಗುಜರಿಗೆ ಹೋಯಿತು. ಮಾಷ್ಟ್ರು ಕಳೆದ ವರ್ಷ ತೀರಿಕೊಂಡರು. ದವಡೆಹಲ್ಲು ಕೊನೆಯವರೆಗೂ ಎಲ್ಲ ಇದ್ದವು.