ಒಂದು ವಾರ ಯೋಚಿಸಿ ಉತ್ತರಿಸಿ

ಮಧುಗಿರಿಯಲ್ಲಿ ಮೇಷ್ಟ್ರಾಗಿದ್ದಾಗ ನನಗೊಂದು ಹುಚ್ಚು ಹಿಡಿದಿತ್ತು. ಜನ ಒಂದು ಕಾರ್ಡಿನಲ್ಲಿ 'ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ' ಎಂದು ಗೀಚಿ ಕೈತೊಳೆದುಕೊಳ್ಳುತ್ತಾರೆ, ಇವರಿಗೆ ಯೋಚಿಸಿ ಬರೆಯುವುದನ್ನು ಕಲಿಸಬೇಕು ಅಂತ. ಶಿರಾ, ಕೊರಟಗೆರೆ, ಪಾವಗಡದ ಕೆಲವರನ್ನು ಸೇರಿಸಿ ಪತ್ರಬಳಗ ಕಟ್ಟಿದೆ. ನಿಯಮಗಳೂ ನನ್ನವೇ. ಪತ್ರ ನಾಲ್ಕು ಪುಟಕ್ಕೆ ಕಡಿಮೆ ಇರಬಾರದು, ಉತ್ತರ ಬರೆಯುವ ಮುಂಚೆ ಒಂದು ವಾರ ಯೋಚಿಸಬೇಕು.

ಮೊದಲ ಪತ್ರ ನಾನೇ ಬರೆದೆ. ಊರ ನಾಟಕಗಳಲ್ಲಿ ಹಾರ್ಮೋನಿಯಂ ಮಾತನ್ನೆಲ್ಲ ನುಂಗಿಹಾಕುತ್ತದೆ, ಅದನ್ನು ಕೈಬಿಡುವುದೇ ಒಳ್ಳೆಯದು ಎಂದು ಎಲ್ಲರಿಗೂ ಕಳಿಸಿದೆ.

ಪತ್ರ ಮುಟ್ಟಿದ ಮಾರನೇ ದಿನವೇ ಪಾವಗಡದ ಸದಸ್ಯ ನಮ್ಮ ಬಾಗಿಲಲ್ಲಿ ನಿಂತಿದ್ದ. ಅದುವರೆಗೆ ಅವನ ಮುಖ ನೋಡಿದವನಲ್ಲ. ಅವನು ನಾಟಕಕ್ಕೆ ಹಾರ್ಮೋನಿಯಂ ನುಡಿಸುವವನು ಎಂದು ಆಗಲೇ ತಿಳಿದದ್ದು.

"ಏಮಿ ಸಾಮಿ, ಹಾರ್ಮೋನಿ ಬ್ಯಾಡ ಅಂದೋರು ನೀವೇನಾ?"

"ಒಂದು ವಾರ ಯೋಚಿಸಬೇಕು ಅಂತ ನಿಯಮ ಇದೆಯಲ್ಲಪ್ಪ," ಅಂದೆ.

"ಅದು ಕಾಗ್ದಕ್ಕೆ. ಬಸ್ಸಿಗೆಲ್ಲೈತೆ ನಿಯಮ?"

ಮಧ್ಯಾಹ್ನದವರೆಗೆ ಬೈದ. ನನ್ನ ಹೆಂಡತಿ ಮುದ್ದೆ, ಹುರುಳಿ ಸಾರು ಬಡಿಸಿದಳು. ಉಂಡು, ಮತ್ತೆ ಬೈದು, ಕೊನೇ ಬಸ್ಸಿಗೆ ಹೋದ.

ಬಳಗ ಮುರಿದುಬಿತ್ತು ಅಂದುಕೊಂಡೆ. ವಾರ ಕಳೆದ ಮೇಲೆ, ನಿಯಮದ ಪ್ರಕಾರ, ಅವನ ಉತ್ತರ ಬಂತು. ನಾಲ್ಕು ಪುಟದಲ್ಲೂ ಹುರುಳಿ ಸಾರಿನ ಗುಣಗಾನ. ಶಿರಾ, ಕೊರಟಗೆರೆಯವರು ಇನ್ನೂ ಯೋಚಿಸುತ್ತಿದ್ದಾರೆ.

ಹೆಂಡತಿ ಆ ಪತ್ರವನ್ನು ಎರಡು ಸಲ ಓದಿ ಟ್ರಂಕಿನಲ್ಲಿಟ್ಟಳು. ಅವತ್ತು ಸಾರಿಗೆ ಒಲೆ ಹಚ್ಚಿದ್ದು ನನ್ನ ಪತ್ರದ ಕರಡಿನಿಂದ ಅಂತ ಆಮೇಲೆ ಹೇಳಿದಳು.