ಮೂವತ್ತೆಂಟು ತೆನೆಗಳ ವಿಳಾಸ

ವಾಮಂಜೂರಿನ ನೊರ್ಬರ್ಟ್ ಲೋಬೊ ಹಂಚಿನ ಕಾರ್ಖಾನೆಯ ರವಾನೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದವರು. ಏರಿಸಿದ್ದೆಷ್ಟು, ಇಳಿದದ್ದೆಷ್ಟು, ಒಡೆದದ್ದೆಷ್ಟು ಎಂಬ ಮೂರು ಕಾಲಮುಗಳಲ್ಲಿ ಅವರ ಆಯುಷ್ಯ ಕಳೆದಿತ್ತು. ಕಾರ್ಖಾನೆ ಮುಚ್ಚಿತು. ರವಾನೆಯ ಚಾಳಿ ಮಾತ್ರ ಅವರನ್ನು ಬಿಡಲಿಲ್ಲ.

ಅದಕ್ಕೆ ಸಿಕ್ಕಿದ ದಾರಿ ಮೊಂತಿ ಫೆಸ್ತ್, ಮೇರಿ ಮಾತೆಯ ಹುಟ್ಟುಹಬ್ಬ. ಸೆಪ್ಟೆಂಬರ್ ಎಂಟರಂದು ಇಗರ್ಜಿಯಲ್ಲಿ ಪಾದ್ರಿಗಳು ಹೊಸ ಭತ್ತದ ತೆನೆ ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಅದರ ಕಾಳು ಸುಲಿದು, ಪುಡಿ ಮಾಡಿ, ತೆಂಗಿನ ಹಾಲಿಗೆ ಬೆರೆಸಿ ಮನೆಯವರೆಲ್ಲ ಒಂದೊಂದು ಚಮಚ ಕುಡಿದ ಮೇಲೆಯೇ ಹಬ್ಬದ ಊಟ. ಊರು ಬಿಟ್ಟ ಲೋಬೊಗಳಿಗೆ ತೆನೆ ಎಲ್ಲಿಂದ ಬರಬೇಕು? ನೊರ್ಬರ್ಟ್ ಪಾದ್ರಿಗಳಿಂದ ಹೆಚ್ಚಿನ ತೆನೆ ಕೇಳಿ ತಂದು ಕಳಿಸುತ್ತಿದ್ದರು. ಮುಂಬೈ, ಭದ್ರಾವತಿ, ಬಹ್ರೇನ್, ಮಸ್ಕತ್ ಎಂದು ಒಟ್ಟು ಮೂವತ್ತೆಂಟು ಮನೆಗಳಿಗೆ, ಒಂದೊಂದು ಕವರಿನಲ್ಲಿ ಒಂದೊಂದು ತೆನೆ, ಜೊತೆಗೆ ಟೈಪ್ ಮಾಡಿದ ಒಂದು ಪತ್ರ. ತೆನೆ ತಲುಪಿದ ಮೇಲೆ ಬರುವ ಭಾನುವಾರವೇ ಆ ಮನೆಯ ಹಬ್ಬ. ಕುಟುಂಬದಲ್ಲಿ ಅವರಿಗೆ ‘ತೆನೆ ಬಾಪ್ಪು’ ಎಂದೇ ಹೆಸರು. ಬಾಪ್ಪು ಎಂದರೆ ಚಿಕ್ಕಪ್ಪ.

ವಿಳಾಸಗಳೆಲ್ಲ ಕಂಪ್ಯೂಟರಿನಲ್ಲಿದ್ದವು. ಮೊದಲಿದ್ದ ದಪ್ಪ ಪುಸ್ತಕವನ್ನು ಕಂಪ್ಯೂಟರ್ ಬಂದ ವರ್ಷವೇ ಗುಜರಿಗೆ ಹಾಕಿದ್ದರು. “ಪುಸ್ತಕ ಒಂದು ಮೂಲೆಯಲ್ಲಿ ಇರಲಿ” ಎಂದು ಹೆಂಡತಿ ಲೂರ್ಡ್ಸ್ ಹೇಳಿದ್ದಳು. ಅವಳ ಮಾತಿಗೆ ನೊರ್ಬರ್ಟ್ ನಕ್ಕಿದ್ದರು. ಆ ನಗೆಯನ್ನು ಅವಳು ಹನ್ನೆರಡು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಈ ಸಲ ಆಗಸ್ಟ್ ಮುಗಿಯುವಾಗ ಈಮೇಲ್ ಮುಷ್ಕರ ಹೂಡಿತು. ಪಾಸ್‌ವರ್ಡ್ ಕೊಟ್ಟಷ್ಟೂ ಮತ್ತೆ ಕೇಳುತ್ತದೆ. ನೊರ್ಬರ್ಟ್ ತಾವೇ ಹೊಸ ಆಫೀಸ್ ಸಾಫ್ಟ್‌ವೇರನ್ನು ಹಳೆಯದರ ಮೇಲೆ ಹಾಕಿದರು. ಈಗ ಒಂದೇ ಪತ್ರವನ್ನು ತೆರೆಯಲು ಹಳೆಯದೂ ಹೊಸದೂ ಒಟ್ಟಿಗೆ ಓಡಿಬಂದು, ಬಾಗಿಲಲ್ಲಿ ಸಿಕ್ಕಿಕೊಂಡವರಂತೆ ಎರಡೂ ನಿಂತುಬಿಡುತ್ತಿದ್ದವು. ಕೊನೆಗೆ ಅವರು ಪಂಪ್‌ವೆಲ್‌ನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಶಾಝಿಯಾಳ ಬಳಿ ಹೋದರು.

ಶಾಝಿಯಾ ಐದು ನಿಮಿಷ ನೋಡಿ ತಲೆ ಅಲ್ಲಾಡಿಸಿದಳು. “ಎಲ್ಲ ತೆಗೆದು ಕ್ಲೀನ್ ಇನ್‌ಸ್ಟಾಲ್ ಮಾಡ್ಬೇಕು ಅಂಕಲ್.”

“ಎಲ್ಲ ಯಾಕೆ? ಹಾಳಾದಲ್ಲಿ ಮಾತ್ರ ಸ್ವಲ್ಪ ಸರಿ ಮಾಡು.”

“ನೀವು ಹಂಚಿನವರಲ್ವಾ? ಹಳೆ ಹಂಚಿನ ಮೇಲೆಯೇ ಹೊಸ ಹಂಚು ಹೊದಿಸ್ತೀರಾ?”

ಹಳೆ ಹಂಚು ಇಳಿಸಬೇಕು, ಕೆಳಗಿನ ಮರದ ಪಕ್ಕಾಸು ನೋಡಬೇಕು, ಆಮೇಲೆ ಹೊಸದು. ಇದನ್ನು ನೊರ್ಬರ್ಟ್‌ಗಿಂತ ಚೆನ್ನಾಗಿ ಬಲ್ಲವರು ಯಾರು?

“ಒಳಗೆ ಇದ್ದದ್ದೆಲ್ಲ ಹೋಗ್ತದೆ. ಬೇಕಾದ್ದನ್ನು ಮೊದಲೇ ಪೆನ್‌ಡ್ರೈವಿಗೆ ತೆಗೀಬೇಕು. ನಾನೇ ತೆಗೀತೇನೆ.”

“ಬೇಡ” ಎಂದರು ನೊರ್ಬರ್ಟ್. “ಮೂವತ್ತೊಂದು ವರ್ಷ ಲಾರಿ ತುಂಬಿಸಿದವ ನಾನು. ನನ್ನ ಮಾಲು ನಾನೇ ಕಟ್ಟುತ್ತೇನೆ.”

ಮನೆಗೆ ಬಂದು, ರೂಲು ಎಳೆದ ಹಾಳೆಯಲ್ಲಿ ಪಟ್ಟಿ ಮಾಡಿದರು. ಕಂಪ್ಯೂಟರಿನ ಪರದೆಯ ಮೇಲೆ ಸಾಲಾಗಿದ್ದ ಚಿತ್ರಗಳನ್ನು ಒಂದೊಂದಾಗಿ ಪೆನ್‌ಡ್ರೈವಿಗೆ ಎಳೆದು ಹಾಕಿದರು. ತೆನೆ ವಿಳಾಸ, ಟಿಕ್. ತೆನೆ ಪತ್ರ, ಟಿಕ್. ಲಕೋಟೆಯ ಚಿತ್ರವಿದ್ದ ಈಮೇಲ್, ಟಿಕ್. ನಲವತ್ತೊಂದು ಬಾಬತ್ತು ಅರ್ಧ ನಿಮಿಷದಲ್ಲಿ ಹೋಗಿ ಕುಳಿತವು. ಪೆನ್‌ಡ್ರೈವ್ ಇನ್ನೂ ಖಾಲಿ ಖಾಲಿ.

“ನೋಡು ಲೂರ್ಡ್ಸ್, ಹನ್ನೆರಡು ವರ್ಷದ ಸಂಸಾರ. ಎಷ್ಟು ಚಿಕ್ಕ ಜಾಗದಲ್ಲಿ ಹಿಡಿಸಿತು!”

“ಕಾಲು ಕಿಲೋ ಬೂತಾಯಿ ಮೀನು ತಂದ್ರೂ ಚೀಲ ಸ್ವಲ್ಪ ಉಬ್ಬುತ್ತದೆ” ಎಂದಳು ಲೂರ್ಡ್ಸ್. “ಇದು ಉಬ್ಬಲೇ ಇಲ್ಲವಲ್ಲ?”

ನೊರ್ಬರ್ಟ್ ಪೆನ್‌ಡ್ರೈವನ್ನು ಮನೆಯ ದೇವರ ಪೀಠ ಆಲ್ತಾರಿನ ಮೇಲಿದ್ದ ಮಾತೆಯ ಚಿತ್ರದ ಹಿಂದೆ ಇಟ್ಟರು. ಮರುದಿನ ಶಾಝಿಯಾ “ಪೆನ್‌ಡ್ರೈವ್ ತಂದಿದ್ದೀರಾ, ಒಮ್ಮೆ ನೋಡ್ತೇನೆ” ಎಂದಾಗ, “ಅದು ಇರಬೇಕಾದವರ ಹತ್ತಿರ ಉಂಟು” ಎಂದರು. ಅವಳು ಜಾಬ್ ಕಾರ್ಡಿನಲ್ಲಿ ‘ಬ್ಯಾಕಪ್ ಗಿರಾಕಿಯದ್ದೇ’ ಎಂದು ಬರೆದು ಸಹಿ ಹಾಕಿಸಿಕೊಂಡಳು. ಅವರು ತಾರೀಕು ಸಮೇತ ದುಂಡಗೆ ಸಹಿ ಹಾಕಿದರು.

ಸೆಪ್ಟೆಂಬರ್ ಐದರಂದು ಕಂಪ್ಯೂಟರ್ ಮನೆಗೆ ಬಂತು. ಹೊಸ ಹಂಚು ಹೊದಿಸಿದ ಮನೆಯಂತೆ ಲಕಲಕ. ನೊರ್ಬರ್ಟ್ ಪೆನ್‌ಡ್ರೈವ್ ಚುಚ್ಚಿ ‘ತೆನೆ ವಿಳಾಸ’ ಒತ್ತಿದರು. ನೀವು ಹುಡುಕುವ ಕಡತ ಇದ್ದ ಜಾಗದಲ್ಲಿ ಇಲ್ಲ ಎಂದಿತು ಕಂಪ್ಯೂಟರ್. ‘ತೆನೆ ಪತ್ರ’ ಒತ್ತಿದರು. ಅದೇ ಉತ್ತರ. ನಲವತ್ತೊಂದನ್ನೂ ಒತ್ತಿದರು. ನಲವತ್ತೊಂದು ಸಲ ಅದೇ ಮಾತು, ಸಭ್ಯವಾಗಿ.

ಶಾಝಿಯಾ ಬಂದು ನೋಡಿದಳು. “ಅಂಕಲ್, ಈ ಚಿತ್ರಗಳ ಮೂಲೆಯಲ್ಲಿ ಸಣ್ಣ ಬಾಣ ಕಾಣ್ತದಲ್ಲ? ಇವು ಬರೀ ಶಾರ್ಟ್‌ಕಟ್. ಮಾಲು ಎಲ್ಲಿ ಉಂಟು ಅಂತ ಕೈ ತೋರಿಸುವುದು ಮಾತ್ರ.”

“ಮತ್ತೆ ಮಾಲು?”

“ನೀವು ಲಾರಿಗೆ ಹಂಚು ಏರಿಸಲೇ ಇಲ್ಲ. ಚೀಟಿ ಮಾತ್ರ ಏರಿಸಿ ಲಾರಿ ಬಿಟ್ಟಿರಿ.”

ನೊರ್ಬರ್ಟ್ ಮತ್ತೊಮ್ಮೆ ‘ತೆನೆ ವಿಳಾಸ’ ಒತ್ತಿದರು. “ಸಾಯ್ಬಾ ಭೊಗೊಸ್!” ಎಂದು ದೇವರ ಕ್ಷಮೆ ಕೇಳಿದ್ದು ಲೂರ್ಡ್ಸ್.

“ಹಳೆ ಈಮೇಲ್‌ಗಳು ಕಂಪೆನಿಯ ಸರ್ವರಿನಲ್ಲಾದ್ರೂ ಇರ್ಬೇಕಲ್ಲ?” ಎಂದಳು ಶಾಝಿಯಾ.

“ಅಲ್ಲಿ ಜಾಗ ತುಂಬುತ್ತದೆ ಅಂತ ನಾನೇ ಅಳಿಸುವ ಹಾಗೆ ಇಟ್ಟಿದ್ದೆ.”

“ನೀವು ಎಲ್ಲ ಕೆಲಸ ಎಷ್ಟು ಶ್ರದ್ಧೆಯಿಂದ ಮಾಡ್ತೀರಿ ಮಾರಾಯ್ರೆ!”

ಅವಳು ಇಡೀ ದಿನ ಡಿಸ್ಕನ್ನು ಕೆದಕಿದಳು. ಸಿಕ್ಕಿದ್ದು ಪತ್ರದ ಅರ್ಧ ಮತ್ತು ನಾಯಿಯ ಮೂರು ಫೋಟೋ. ಹಬ್ಬಕ್ಕೆ ಇನ್ನು ಮೂರು ದಿನ.

“ಕುಟುಂಬದ ಗ್ರೂಪಿನಲ್ಲಿ ವಿಳಾಸ ಕೇಳಿದ್ರೆ ಆಯ್ತಪ್ಪ” ಎಂದಳು ಲೂರ್ಡ್ಸ್.

“ಖಂಡಿತ ಬೇಡ! ರವಾನೆ ಗುಮಾಸ್ತ ವಿಳಾಸ ಕಳಕೊಂಡ ಅಂತ ಮಸ್ಕತಿನವರೆಗೆ ಗೊತ್ತಾಗಬೇಕಾ? ಮುಂಬೈಯ ಒಲಿವಿಯಾ ಮೊದಲೇ ಹೇಳ್ತಾ ಇದ್ದಾಳೆ, ತೆನೆಯ ಫೋಟೋ ಕಳಿಸಿದ್ರೆ ಸಾಕು ಅಂತ. ಫೋಟೋವನ್ನು ಹಾಲಿಗೆ ಹಾಕಿ ಕುಡೀಲಿಕ್ಕೆ ಆಗ್ತದಾ?”

ಅವರು ಸ್ನಾನಕ್ಕೆ ಹೋದರು. ಬರುವಷ್ಟರಲ್ಲಿ ಲೂರ್ಡ್ಸ್ ಗ್ರೂಪಿನಲ್ಲಿ ಬರೆದಾಗಿತ್ತು: “ಬಾಪ್ಪುವಿನ ಕಂಪ್ಯೂಟರಿನಲ್ಲಿ ಎಲ್ಲ ಹೋಯ್ತು. ವಿಳಾಸ ಹಾಕಿ.”

ವಿಳಾಸಗಳು ಸುರಿದವು. ಜೊತೆಗೆ ಇನ್ನೊಂದು ವಿಷಯವೂ ಹೊರಬಿತ್ತು. ಮರ್ವಿನ್ ಭದ್ರಾವತಿ ಬಿಟ್ಟು ನಾಲ್ಕು ವರ್ಷವಾಗಿತ್ತು. ಒಲಿವಿಯಾ ಮನೆ ಬದಲಿಸಿ ಮೂರು ವರ್ಷ. ಮಸ್ಕತಿನಲ್ಲಿರುವ ಅಣ್ಣನ ಮಗ ಡೆರಿಲ್ ಅಲ್ಲಿನ ರೂವಿ ಬಡಾವಣೆಯ ಫ್ಲ್ಯಾಟ್ ಬಿಟ್ಟು ಆರು ವರ್ಷ. ನೊರ್ಬರ್ಟ್ ರೂಲು ಎಳೆದ ಹಾಳೆಯಲ್ಲಿ ಗುರುತು ಹಾಕುತ್ತಾ ಹೋದರು. ಮೂವತ್ತೆಂಟರಲ್ಲಿ ಹನ್ನೊಂದು ವಿಳಾಸ ತಪ್ಪು.

ಅವರು ಡೆರಿಲ್‌ಗೆ ಫೋನು ಮಾಡಿದರು. “ಆರು ವರ್ಷದಿಂದ ‘ತೆನೆ ತಲುಪಿತು ಬಾಪ್ಪು, ದೇವ್ ಬರೆಂ ಕರುಂ’ ಅಂತ ಥ್ಯಾಂಕ್ಸಿನ ಮೆಸೇಜ್ ಹಾಕಿದ್ದು ಯಾರು?”

“ನಾನೇ ಬಾಪ್ಪು. ತಲುಪಲಿಲ್ಲ ಅಂದ್ರೆ ನಿಮಗೆ ಬೇಜಾರಾಗ್ತದೆ ಅಂತ...”

“ಹಬ್ಬಕ್ಕೆ ಹಾಲಿಗೆ ಎಂತ ಹಾಕಿದಿ?”

“ಸೂಪರ್ ಮಾರ್ಕೆಟಿನ ಅಕ್ಕಿ.”

“ಯಾವ ಅಕ್ಕಿ?”

ಡೆರಿಲ್ ದನಿ ತಗ್ಗಿಸಿದ. “ಬಾಸ್ಮತಿ.”

ನೊರ್ಬರ್ಟ್ ಫೋನು ಕೆಳಗಿಟ್ಟರು. ಈ ವರ್ಷ ರವಾನೆ ಇಲ್ಲ, ಇನ್ನು ಮುಂದೆಯೂ ಇಲ್ಲ ಎಂದು ಸಾರಿದರು. ಅರ್ಧ ಊಟಕ್ಕೇ ಎದ್ದರು. ಬಂಗುಡೆ ಸಾರಿನ ದಿನ ಅವರು ಹಾಗೆ ಎದ್ದವರಲ್ಲ. ಲೂರ್ಡ್ಸ್‌ಗೆ ಹೆದರಿಕೆಯಾಗಿ ಡೆರಿಲ್‌ಗೆ ಫೋನು ಹಚ್ಚಿದಳು. “ಎಂತಾದರೂ ಮಾಡು ಮಗಾ. ಇವರಿಗೆ ಇದೊಂದೇ ಉದ್ಯೋಗ ಇದ್ದದ್ದು.”

ಮರುದಿನ ಸಂಜೆ ಡೆರಿಲ್ ವೀಡಿಯೋ ಕಾಲ್ ಮಾಡಿದ. ರೂವಿಯ ತನ್ನ ಹಳೆ ಫ್ಲ್ಯಾಟಿನ ಬಾಗಿಲಲ್ಲಿ ನಿಂತಿದ್ದ. ಪಕ್ಕದಲ್ಲಿ ಬೇರೆ ಒಬ್ಬ.

“ಅಂಕಲ್, ನಾನು ಭುವನ್, ಈಗ ಈ ಫ್ಲ್ಯಾಟಿನಲ್ಲಿ ಇರುವವ. ಉಳ್ಳಾಲದವ, ಮೊಗವೀರರು ನಾವು” ಎಂದ ಆತ. “ಮೊದಲ ವರ್ಷ ಕವರಿನ ಮೂಲೆ ಹರಿದು ತೆನೆ ಹೊರಗೆ ಇಣುಕುತ್ತಾ ಇತ್ತು. ಪತ್ರದಲ್ಲಿ ಬರೀ ಬಾಪ್ಪು ಅಂತ ಇತ್ತು. ಕವರಿನಲ್ಲಿದ್ದ ಹೆಸರಿನವರು ಯಾರು ಅಂತ ಕೆಳಗೆ ಕೇಳಿದೆ, ಯಾರಿಗೂ ಗೊತ್ತಿಲ್ಲ. ಹೊಸ ತೆನೆ ಬಾಗಿಲಿಗೆ ಕಟ್ಟುವ ಕ್ರಮ ನಮ್ಮ ಮನೆಯಲ್ಲೂ ಉಂಟಲ್ಲ, ಬಿಸಾಡಲಿಕ್ಕೆ ಮನಸ್ಸು ಬರ್ಲಿಲ್ಲ. ಕಟ್ಟಿದೆ. ಮರುವರ್ಷವೂ ಬಂತು. ಅಮ್ಮನಿಗೆ ಹೇಳಿದ್ರೆ, ಅದು ದೇವರೇ ಕಳಿಸುವುದು, ಸುಮ್ಮನೆ ಕಟ್ಟು ಅಂದ್ರು.”

“ದೇವರಲ್ಲ, ನಾನು” ಎಂದರು ನೊರ್ಬರ್ಟ್.

“ಈ ವರ್ಷ ಬರುವುದಿಲ್ಲವಾ ಅಂಕಲ್?”

ನೊರ್ಬರ್ಟ್ ಕನ್ನಡಕ ಒರೆಸಿಕೊಂಡರು. ಆಮೇಲೆ ಹೆಂಡತಿಯ ಕಡೆ ತಿರುಗಿ, ಕಾರ್ಖಾನೆಯ ದನಿಯಲ್ಲಿ ಹೇಳಿದರು: “ಕೇಳಿದಿಯಾ? ರವಾನೆ ತಪ್ಪಿದ್ದಲ್ಲ. ಗಿರಾಕಿ ಬದಲಾದದ್ದು.”

ಅದೇ ಗಳಿಗೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು, ಎರಡೇ ಬೆರಳಲ್ಲಿ ಹೊಸ ಪಟ್ಟಿ ಟೈಪ್ ಮಾಡಿದರು. ಈ ಸಲ ಮೂವತ್ತೊಂಬತ್ತು ಹೆಸರು. ಶಾಝಿಯಾ ಬಂದು ಅದನ್ನು ಪೆನ್‌ಡ್ರೈವಿಗೆ ತೆಗೆದಳು. “ತೆರೆದು ತೋರಿಸು” ಎಂದರು ನೊರ್ಬರ್ಟ್. ತೆರೆದು ತೋರಿಸಿದಳು. ಅವರು ಮೂವತ್ತೊಂಬತ್ತು ಹೆಸರನ್ನೂ ಗಟ್ಟಿಯಾಗಿ ಓದಿದರು, ಅವಳು ಬ್ಯಾಗು ಹೆಗಲಿಗೇರಿಸಿ ನಿಂತೇ ಇದ್ದಳು. ಒಂದು ಪ್ರತಿಯನ್ನು ಕಾಗದದಲ್ಲಿ ಮುದ್ರಿಸಿ ಲೂರ್ಡ್ಸ್ ಕೈಗೆ ಕೊಟ್ಟರು. ಅವಳು ನಗಲಿಲ್ಲ. ಅದು ಅವಳ ದೊಡ್ಡತನ.

ಎಂಟರಂದು ಪಾದ್ರಿಗಳಿಂದ ತೆನೆ ಬಂತು, ಒಂಬತ್ತರಂದು ಕವರುಗಳು ಅಂಚೆಗೆ ಹೋದವು. ಗ್ರೂಪಿನಲ್ಲಿ ನೊರ್ಬರ್ಟ್ ಒಂದು ಸುತ್ತೋಲೆ ಹಾಕಿದರು: “ತಲುಪಿತು ಎಂಬ ಬಾಯಿಮಾತು ಇನ್ನು ನಡೆಯುವುದಿಲ್ಲ. ತೆನೆಯ ಫೋಟೋ ಹಾಕಬೇಕು, ಕವರ್ ಸಮೇತ.” ಒಲಿವಿಯಾ ನಗುವ ಮುಖಗಳನ್ನು ಸಾಲಾಗಿ ಹಾಕಿದಳು. ನೊರ್ಬರ್ಟ್ ಅದನ್ನು ನೋಡಿಯೇ ಇಲ್ಲ ಎಂಬಂತೆ ಇದ್ದುಬಿಟ್ಟರು.

ಮಸ್ಕತಿನ ಫೋಟೋ ಹದಿನೈದು ದಿನ ಬಿಟ್ಟು ಬಂತು. ಭುವನ್‌ನ ಬಾಗಿಲ ಚೌಕಟ್ಟಿನಲ್ಲಿ ಆರು ವರ್ಷದ ಒಣ ತೆನೆಗಳು ಒಂದು ಸಣ್ಣ ಹಿಡಿಸೂಡಿ ಪೊರಕೆಯಂತೆ ತೂಗುತ್ತಿದ್ದವು. ಅವುಗಳ ನಡುವೆ ಹೊಸದೊಂದು. ನೊರ್ಬರ್ಟ್ ಚಿತ್ರ ದೊಡ್ಡದು ಮಾಡಿ ಒಂದೊಂದೇ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ಹಾಳೆ ತೆಗೆದು ಬರೆದರು: ಏರಿಸಿದ್ದು ಏಳು, ಇಳಿದದ್ದು ಏಳು, ಒಡೆದದ್ದು ಇಲ್ಲ.